ಬೇಲಿಗೂಟ ಅಲುಗಬಾರದೆಂದರೆ

‘ಓತಿಕೇತಕ್ಕೆ ಬೇಲಿಗೂಟ ಸಾಕ್ಷಿ’ ಎಂಬ ಗಾದೆಯನ್ನು ಅಜ್ಜ ಅಜ್ಜಿಯರೆಲ್ಲ ಕೇಳಿರುತ್ತೀರಿ. ಮಕ್ಕಳೇ, ನೀವು ಕೇಳಿರದಿದ್ದರೆ ಇವತ್ತೇ ಅವರ ಬಳಿ ಅರ್ಥ ಕೇಳಿ. ಸಾಕ್ಷಿ ಹೇಳಬೇಕಾದ ಗೂಟವೇ ಓಲಾಡುತ್ತಿದ್ದರೆ ಏನು ಗತಿ? ಕೈತೋಟಕ್ಕೆ ಬೇಲಿ ಹಾಕಿಸುವವರು ತಂತಿ ಯಾವುದು, ಕಂಬ ಎಷ್ಟು ಎತ್ತರ ಎಂದು ವಿಚಾರಿಸುತ್ತಾರೆ. ನೆಲದೊಳಗೆ ಎಷ್ಟಿರುತ್ತದೆ ಎಂದು ಕೇಳುವವರು ಕಡಿಮೆ. ಬೇಲಿಯ ಆಯಸ್ಸು ನಿಂತಿರುವುದು ಆ ಕಾಣದ ಭಾಗದ ಮೇಲೆ.

ನಮ್ಮ ತುಮಕೂರಿನ ಕಡೆ ಕಲ್ಲುಕಂಬದ ಬೇಲಿ ಹೆಚ್ಚು. ಒಂದು ಕಂಬದ ತೂಕವನ್ನು ಮಕ್ಕಳೇ ಲೆಕ್ಕ ಹಾಕಬಹುದು. ಉದ್ದ 180 ಸೆಂ.ಮೀ., ಅಂದರೆ ಸುಮಾರು 6 ಅಡಿ. ಅಗಲ 12 ಸೆಂ.ಮೀ., ದಪ್ಪ 10 ಸೆಂ.ಮೀ. ಗುಣಿಸಿದರೆ 21,600 ಘನ ಸೆಂ.ಮೀ. ಗ್ರಾನೈಟ್ ಕಲ್ಲು ಒಂದು ಘನ ಸೆಂ.ಮೀ.ಗೆ ಸುಮಾರು 2.65 ಗ್ರಾಂ ತೂಗುತ್ತದೆ. ಒಟ್ಟು ತೂಕ 57 ಕಿಲೊ ದಾಟಿತು! ಒಂದು ಸಿಮೆಂಟ್ ಚೀಲದ ತೂಕವೇ 50 ಕಿಲೊ.

ಕಳೆದ ಮಳೆಗಾಲದಲ್ಲಿ ನಮ್ಮ ಬೀದಿಯ ಖಾಲಿ ನಿವೇಶನವೊಂದರ ಮೂಲೆಯ ಕಂಬ ಹೀಗೇ ಉರುಳಿತು. ಸಂಜೆ ಹೊತ್ತು ಮಕ್ಕಳು ಚೆಂಡಾಡುವ ಜಾಗ ಅದು. ಪುಣ್ಯಕ್ಕೆ ಎಲ್ಲರೂ ಶಾಲೆಯಲ್ಲಿದ್ದರು. ಹೋಗಿ ನೋಡಿದೆ. ಕಂಬ ಮುರಿದಿರಲಿಲ್ಲ. ಅದರ ಬುಡದಲ್ಲಿ ಮಣ್ಣಿನ ಗುರುತು ಇದ್ದುದು ಒಂದೇ ಅಡಿಯಷ್ಟು.

ಶಾಲೆಯಲ್ಲಿ ಸನ್ನೆಗೋಲಿನ ಪಾಠ ಓದಿದ್ದೀರಲ್ಲವೆ? ಮೇಲೆ 5 ಅಡಿ, ಕೆಳಗೆ 1 ಅಡಿ ಇರುವ ಕಂಬವೂ ಉದ್ದ ಹಿಡಿಯ ಸನ್ನೆಗೋಲೇ. ತುದಿಗೆ ಒಂದು ಹಸು ಮೈ ಉಜ್ಜಿದರೆ ಬುಡದ ಮಣ್ಣಿನ ಮೇಲೆ ಅದರ ಹಲವು ಪಟ್ಟು ಬಲ ಬೀಳುತ್ತದೆ. ಅದೇ ಕಂಬವನ್ನು 2 ಅಡಿ ಹೂತರೆ ಮೇಲಿನ ಹಿಡಿ 4 ಅಡಿಗೆ ಇಳಿಯಿತು, ಕೆಳಗಿನ ಹಿಡಿತ ಎರಡರಷ್ಟಾಯಿತು. ಆಳದ ಮಣ್ಣು ಮೇಲ್ಮಣ್ಣಿಗಿಂತ ಗಟ್ಟಿ ಬೇರೆ. ಹಾಗಾಗಿ ಬಿಗಿ ಎರಡು ಪಟ್ಟಿಗಿಂತಲೂ ಹೆಚ್ಚುತ್ತದೆ. ಒಟ್ಟು ಉದ್ದದಲ್ಲಿ ಮೂರನೆಯ ಒಂದು ಭಾಗ ನೆಲದೊಳಗೆ ಎಂದು ನೆನಪಿಟ್ಟರೆ ಸಾಕು.

ಈ ಬೇಸಿಗೆಯಲ್ಲಿ ನಮ್ಮ ಹಿತ್ತಿಲಿಗೆ 11 ಕಂಬ ನೆಡಿಸಿದೆ. ಕಂಬ ಎತ್ತುವ ಕೆಲಸ ಆಳುಗಳದ್ದು. ದಾರ, ಅಳತೆ, ಲೆಕ್ಕ ಮಾತ್ರ ನನ್ನ ಮತ್ತು ಆರನೇ ತರಗತಿಯ ಮೊಮ್ಮಗಳ ಪಾಲಿಗೆ. ಮೊದಲು ಮೂಲೆಯ ಕಂಬಗಳನ್ನು ನಿಲ್ಲಿಸಿ, ಅವುಗಳ ನಡುವೆ ದಾರ ಎಳೆದು, ಉಳಿದ ಗುಂಡಿಗಳಿಗೆ ಗುರುತು ಹಾಕಿದೆವು. ಹಾರೆಗೆ 2 ಅಡಿಯ ಅಳತೆಯಲ್ಲಿ ಮೊಮ್ಮಗಳು ಕೆಂಪು ದಾರ ಕಟ್ಟಿದಳು. ದಾರ ನೆಲದ ಮಟ್ಟಕ್ಕೆ ಬರುವವರೆಗೆ ‘ಇನ್ನೂ ತೋಡಿ’ ಎನ್ನುತ್ತಲೇ ಇದ್ದಳು. ಗುಂಡಿ ಒಂದು ಅಡಿಗಿಂತ ಅಗಲವಾಗದಂತೆ ನೋಡಿಕೊಂಡೆವು. ತೋಡದೆ ಉಳಿದ ನೆಲದಷ್ಟು ಬಿಗಿಯಾದ ಮಣ್ಣು ಇನ್ನೊಂದಿಲ್ಲ, ಅದನ್ನು ಸುಮ್ಮನೆ ಸಡಿಲ ಮಾಡಬಾರದು.

ಮಣ್ಣು ತುಂಬುವಾಗ ಅವಸರ ಸಲ್ಲದು. ಎಲ್ಲವನ್ನೂ ಒಮ್ಮೆಲೇ ಸುರಿದು ಮೇಲೆ ತುಳಿದರೆ ಹೆಂಟೆಗಳ ನಡುವೆ ಗಾಳಿ ಉಳಿಯುತ್ತದೆ. ಮೊದಲ ಮಳೆಗೆ ಮಣ್ಣು ಕುಸಿದು ಕಂಬ ಸಡಿಲಾಗುತ್ತದೆ. ಅರ್ಧ ಅಡಿ ಮಣ್ಣು ಹಾಕಿ, ಸುತ್ತಲೂ ದಮ್ಮಸು ಮಾಡಿ, ಮತ್ತೆ ಅರ್ಧ ಅಡಿ ಹಾಕಬೇಕು. ಮಣ್ಣು ಮುಷ್ಟಿಯಲ್ಲಿ ಹಿಡಿದರೆ ಉಂಡೆಯಾಗುವಷ್ಟು ಹಸಿಯಾಗಿರಲಿ, ಕೆಸರಾಗದಿರಲಿ. ಪ್ರತಿ ಪದರಕ್ಕೂ ತೂಕದ ಗುಂಡು ಇಳಿಬಿಟ್ಟು, ಮುಂದಿನಿಂದ ಒಮ್ಮೆ, ಪಕ್ಕದಿಂದ ಒಮ್ಮೆ ಕಂಬ ನೆಟ್ಟಗಿದೆಯೇ ಎಂದು ನೋಡಬೇಕು. ಕೊನೆಗೆ ಬುಡದ ಸುತ್ತ ಮಣ್ಣು ಏರಿಸಿದರೆ ಮಳೆನೀರು ನಿಲ್ಲದೆ ಹರಿದುಹೋಗುತ್ತದೆ.

ಇನ್ನು ಮೂಲೆಯ ಕಂಬದ ವಿಚಾರ. ಬ್ಯಾಂಕಿನಲ್ಲಿ ಕೂತು ವರ್ಷಗಟ್ಟಲೆ ಜಮಾ ಖರ್ಚು ಸರಿದೂಗಿಸಿದವನಿಗೆ ಇದು ಬೇಗ ಅರ್ಥವಾಗುತ್ತದೆ. ಸಾಲಿನ ನಡುವಿನ ಕಂಬವನ್ನು ತಂತಿ ಎಡಕ್ಕೆ ಎಷ್ಟು ಎಳೆಯುತ್ತದೋ ಬಲಕ್ಕೂ ಅಷ್ಟೇ ಎಳೆಯುತ್ತದೆ. ಲೆಕ್ಕ ಚುಕ್ತಾ. ಮೂಲೆಯ ಕಂಬಕ್ಕೆ ಎರಡು ಸಾಲುಗಳ ಎಳೆತವೂ ತೋಟದ ಒಳಮುಖಕ್ಕೇ. ಹೊರಗಿನಿಂದ ಎಳೆದು ಸರಿದೂಗಿಸುವವರಿಲ್ಲ. ಅದಕ್ಕೇ ಬೇಲಿ ವಾಲುವುದು ಸಾಮಾನ್ಯವಾಗಿ ಮೂಲೆಯಿಂದ. ಮೂಲೆಗೆ ದಪ್ಪ ಕಂಬ ಆರಿಸಿ, ಅರ್ಧ ಅಡಿ ಹೆಚ್ಚು ಆಳಕ್ಕೆ ಹೂತು, ಪ್ರತಿ ಸಾಲಿನ ದಿಕ್ಕಿನಲ್ಲೂ ಒಂದೊಂದು ಓರೆ ಕಂಬವನ್ನು ಆನಿಸಬೇಕು. ಬಾಗಿಲಿನ ಕಂಬಕ್ಕೂ ಇದೇ ಉಪಚಾರ. ಇವೆಲ್ಲ ಮುಗಿದ ಮೇಲೆಯೇ ತಂತಿ ಬಿಗಿಯಬೇಕು.

ಊರು ಬದಲಾದರೆ ಮಣ್ಣೂ ಬದಲು. ವಿಜಯಪುರ, ಗದಗದ ಕಡೆಯ ಎರೆಮಣ್ಣು ಮಳೆಗೆ ಉಬ್ಬಿ ಬೇಸಿಗೆಗೆ ಬಿರುಕು ಬಿಡುತ್ತದೆ. ಕಂಬವನ್ನು ವರ್ಷವಿಡೀ ಅಲುಗಿಸುವ ಮಣ್ಣು ಅದು. ಅಲ್ಲಿ ಇನ್ನೂ ಆಳಕ್ಕಿಳಿದು, ಗುಂಡಿಗೆ ಗರಸು ತುಂಬಿ ದಮ್ಮಸು ಮಾಡುವುದು ಲೇಸು. ಮರದ ಗೂಟವಾದರೆ ಮೊದಲು ಕೊಳೆಯುವುದು ನೆಲಮಟ್ಟದಲ್ಲಿ. ತೇವ, ಗಾಳಿ ಎರಡೂ ಸಿಗುವ ಜಾಗ ಅದೇ. ಹಾಗಾಗಿ ಗುಂಡಿಯ ತಳಕ್ಕೆ ಜಲ್ಲಿ ಹಾಕಿ ನೀರು ಇಂಗಲು ಬಿಡಬೇಕು, ನೆಲಮಟ್ಟದಲ್ಲಿ ಗೂಟಕ್ಕೆ ಟಾರು ಬಳಿಯಬೇಕು.

ವರ್ಷ ಕಳೆದಂತೆ ಬಿಗಿಯಾಗುವ ಗೂಟವೂ ಒಂದಿದೆ! ಗೊಬ್ಬರದ ಗಿಡ ಎಂದು ನಾವು ಕರೆಯುವ ಗ್ಲಿರಿಸಿಡಿಯಾ. ಮಧ್ಯ ಅಮೆರಿಕದಿಂದ ಬಂದ ಗಿಡವಾದರೂ ನಮ್ಮ ಬೇಲಿಗಳಲ್ಲಿ ಮನೆಮಗನಂತೆ ಬೆಳೆದಿದೆ. ಮಳೆಗಾಲದ ಶುರುವಿನಲ್ಲಿ ಬಲಿತ ಕೊಂಬೆ ನೆಟ್ಟರೆ ಬೇರು ಬಿಟ್ಟು ಮಣ್ಣನ್ನು ತಾನೇ ಹಿಡಿದುಕೊಳ್ಳುತ್ತದೆ. ಸೊಪ್ಪು ತೋಟಕ್ಕೆ ಗೊಬ್ಬರ. ಬೇರು ಊರುವ ತನಕ ತಂತಿ ಕಟ್ಟಬೇಡಿ, ಅಷ್ಟೆ.

ಮಕ್ಕಳೇ, ಈ ಭಾನುವಾರ ಒಂದು ದಾರಕ್ಕೆ ಕಲ್ಲು ಕಟ್ಟಿಕೊಂಡು ಅಜ್ಜನನ್ನೋ ಅಜ್ಜಿಯನ್ನೋ ಕರೆದುಕೊಂಡು ಮನೆಯ ಬೇಲಿ ಸುತ್ತಿ ಬನ್ನಿ. ಒಂದು ಮಾರು ದೂರ ನಿಂತು, ದಾರವನ್ನು ಕಣ್ಣೆದುರು ಇಳಿಬಿಟ್ಟು ಕಂಬದೊಡನೆ ಹೋಲಿಸಿ ನೋಡಿ. ವಾಲಿದ್ದರೆ, ಬುಡದ ಸುತ್ತ ಉಂಗುರದಂತೆ ಬಿರುಕು ಕಂಡರೆ ಬರೆದುಕೊಳ್ಳಿ. ಕಂಬವನ್ನು ಅಲುಗಿಸಿ ನೋಡುವ ಕೆಲಸ ದೊಡ್ಡವರಿಗಿರಲಿ. ಹಿರಿಯರೇ, ವಾಲಿದ ಕಂಬವನ್ನು ಬರೀ ಹಿಂದಕ್ಕೆ ತಳ್ಳಿ ಸುಮ್ಮನಾಗಬೇಡಿ. ಬುಡ ಬಗೆಸಿ, ಆಳ ನೋಡಿ, ಪದರ ಪದರವಾಗಿ ಮತ್ತೆ ದಮ್ಮಸು ಮಾಡಿಸಿ. ಮಳೆ ಹಿಡಿಯುವ ಮೊದಲೇ ಆಗಲಿ.