ಕೇಳದೆ ಬಿದ್ದ ಬೀಗ

ಕಂಪ್ಯೂಟರಿನ ಕಾರ್ಯಾಚರಣಾ ವ್ಯವಸ್ಥೆ, ಅಂದರೆ ಯಂತ್ರವನ್ನು ನಡೆಸುವ ಮೂಲ ತಂತ್ರಾಂಶ, ಹೊಸ ಆವೃತ್ತಿಗೆ ಬದಲಾದಾಗ ಜನರ ಗಮನಕ್ಕೆ ಬರುವುದು ಪರದೆಯ ಬಣ್ಣ, ಗುಂಡಿಗಳ ಜಾಗ ಮುಂತಾದ ಮೇಲುನೋಟದ ಸಂಗತಿಗಳು. 2024ರ ಅಕ್ಟೋಬರ್‌ನಲ್ಲಿ ಮೈಕ್ರೋಸಾಫ್ಟ್ ಸಂಸ್ಥೆ ಹೊರತಂದ ವಿಂಡೋಸ್ 11ರ 24ಎಚ್2 ಆವೃತ್ತಿಯ ಮುಖ್ಯ ಬದಲಾವಣೆಯೊಂದು ಇದಕ್ಕೆ ಹೊರತಾಗಿದ್ದು, ಏನಾದರೂ ಕೆಡುವವರೆಗೆ ಅದು ಯಾರ ಕಣ್ಣಿಗೂ ಬೀಳುವುದಿಲ್ಲ. ಈ ಆವೃತ್ತಿಯನ್ನು ಹೊಸದಾಗಿ ಹಾಕಿಸಿದ ಯಂತ್ರದಲ್ಲಿ, ಅಥವಾ ಅದರೊಂದಿಗೇ ಅಂಗಡಿಗೆ ಬಂದ ಹೊಸ ಲ್ಯಾಪ್‌ಟಾಪಿನಲ್ಲಿ, ಯಾರಾದರೂ ಮೈಕ್ರೋಸಾಫ್ಟ್ ಖಾತೆಯ ಮೂಲಕ ಒಳಹೊಕ್ಕ ಕೂಡಲೇ ಡಿಸ್ಕಿನಲ್ಲಿರುವುದೆಲ್ಲ ಗೂಢಲಿಪಿಗೆ ತಿರುಗಿ, ಅದಕ್ಕೊಂದು ಬೀಗ ಬೀಳುತ್ತದೆ. ಹೀಗೆ ಮಾಹಿತಿಯನ್ನು ಕೀಲಿಯಿಲ್ಲದವರಿಗೆ ಅರ್ಥವಾಗದ ರೂಪಕ್ಕೆ ತಿರುಗಿಸುವುದೇ ಗೂಢಲಿಪೀಕರಣ, ಬಳಕೆಯ ಮಾತಿನಲ್ಲಿ ಎನ್‌ಕ್ರಿಪ್ಷನ್. ಹಳೆಯ ಆವೃತ್ತಿಯಿಂದ ಅಪ್‌ಡೇಟ್ ಮಾಡಿಕೊಂಡ ಯಂತ್ರಗಳಲ್ಲಿ ಇದು ಸಾಮಾನ್ಯವಾಗಿ ತಾನಾಗಿ ಶುರುವಾಗುವುದಿಲ್ಲವಾದರೂ, ಯಂತ್ರ ನಿಧಾನವಾಯಿತೆಂದು ಅಂಗಡಿಗೆ ಕೊಟ್ಟು ಎಲ್ಲವನ್ನೂ ಅಳಿಸಿ ಹೊಸದಾಗಿ ವಿಂಡೋಸ್ ಹಾಕಿಸುವ ರೂಢಿ ಎಲ್ಲೆಡೆ ಇರುವುದರಿಂದ, ಈ ಬೀಗ ಬಹಳ ಮನೆಗಳಿಗೆ ಬರುವುದು ಆ ದಾರಿಯಲ್ಲೇ.

ಶಿಂಷಾ ನದಿಯ ದಂಡೆಯಲ್ಲಿ ವೈದ್ಯನಾಥೇಶ್ವರನ ಹಳೆಯ ದೇವಾಲಯವಿರುವ, ಮದ್ದೂರಿಗೆ ಸಮೀಪದ ವೈದ್ಯನಾಥಪುರದಂಥ ಊರುಗಳಲ್ಲಿ ಕಂಪ್ಯೂಟರ್ ಎಂಬುದು ಈಗ ಕಚೇರಿಯ ವಸ್ತುವಾಗಿ ಉಳಿದಿಲ್ಲ. ಹಾಲು ಉತ್ಪಾದಕರ ಸಹಕಾರ ಸಂಘದಲ್ಲಿ ಯಾರು ಎಷ್ಟು ಲೀಟರ್ ಹಾಕಿದರು, ಫ್ಯಾಟ್ ಎಷ್ಟು ಬಂತು, ಬಟವಾಡೆ ಎಷ್ಟಾಯಿತು ಎಂಬ ಲೆಕ್ಕ ಅದರಲ್ಲಿರುತ್ತದೆ. ತಾಲ್ಲೂಕು ಕೇಂದ್ರದ ಉಪನೋಂದಣಾಧಿಕಾರಿ ಕಚೇರಿಯ ಸುತ್ತಮುತ್ತ ಕುಳಿತ ಪತ್ರ ಬರಹಗಾರರು ನುಡಿ ತಂತ್ರಾಂಶದಲ್ಲಿ ಟೈಪು ಮಾಡಿಟ್ಟ ಕ್ರಯಪತ್ರ, ವಿಭಾಗಪತ್ರಗಳ ನಕಲುಗಳು ಅದರಲ್ಲಿರುತ್ತವೆ. ಫೋಟೋ ಸ್ಟುಡಿಯೋದವರು ಇನ್ನೂ ಆಲ್ಬಂ ಮಾಡಿ ಮುಗಿಸದ ಮದುವೆಯ ಚಿತ್ರಗಳು, ಓದುವ ಮಕ್ಕಳ ಅಂಕಪಟ್ಟಿ, ಪಹಣಿ ಮತ್ತು ಆಧಾರ್‌ನ ಸ್ಕ್ಯಾನ್ ಪ್ರತಿಗಳು ಅದರಲ್ಲಿರುತ್ತವೆ. ಇವೆಲ್ಲಕ್ಕೂ ಬೀಗ ಬಿದ್ದಿದೆಯೇ, ಬಿದ್ದಿದ್ದರೆ ಅದರ ಬೀಗದಕೈ ಯಾರಲ್ಲಿದೆ ಎಂಬ ಪ್ರಶ್ನೆ ನಗರಕ್ಕಿಂತ ಇಂಥ ಊರುಗಳಲ್ಲೇ ಹೆಚ್ಚು ತೊಡಕಿನದು.

ಲ್ಯಾಪ್‌ಟಾಪ್ ತೆರೆದಾಗ ಕೇಳುವ ಪಾಸ್‌ವರ್ಡೇ ಅದರೊಳಗಿನ ಕಡತಗಳನ್ನು ಕಾಯುತ್ತದೆ ಎಂಬ ನಂಬಿಕೆ ವ್ಯಾಪಕವಾಗಿದ್ದರೂ ಅದು ಸರಿಯಲ್ಲ. ಪಾಸ್‌ವರ್ಡ್ ಮುಂಬಾಗಿಲಲ್ಲಿ ಕೂತ ಕಾವಲುಗಾರನಂತೆ. ಹಿತ್ತಿಲ ಗೋಡೆಯೇ ಇಲ್ಲದ ಮನೆಯಲ್ಲಿ ಅವನಿಂದ ಹೆಚ್ಚಿನ ಪ್ರಯೋಜನವಿಲ್ಲ. ನಾಲ್ಕು ತಿರುಪು ಬಿಚ್ಚಿ ಡಿಸ್ಕನ್ನು ಹೊರತೆಗೆದು ಬೇರೊಂದು ಕಂಪ್ಯೂಟರಿಗೆ ಜೋಡಿಸಿದರೆ ಕಡತಗಳೆಲ್ಲ ಪಾಸ್‌ವರ್ಡಿನ ಹಂಗಿಲ್ಲದೆ ತೆರೆದುಕೊಳ್ಳುತ್ತಿದ್ದವು. ಕೆಟ್ಟುಹೋದ ಯಂತ್ರದಿಂದ ‘ಡೇಟಾ ತೆಗೆದುಕೊಡುವ’ ರಿಪೇರಿಯವರು ಮಾಡುತ್ತಿದ್ದುದು ಇದನ್ನೇ; ಬಸ್ಸಿನಲ್ಲಿ ಬ್ಯಾಗು ಕದ್ದವನೂ ಇದನ್ನೇ ಮಾಡಬಲ್ಲವನಾಗಿದ್ದ. ಡಿಸ್ಕ್ ಗೂಢಲಿಪಿಯಲ್ಲಿದ್ದಾಗ ಈ ಇಬ್ಬರಿಗೂ ಕಾಣುವುದು ಅರ್ಥವಿಲ್ಲದ ಅಂಕಿಗಳ ರಾಶಿ. ಕಳ್ಳನನ್ನೂ ಉಪಕಾರಿಯನ್ನೂ ಬೇರೆಬೇರೆಯಾಗಿ ಗುರುತಿಸುವ ಶಕ್ತಿ ಗಣಿತಕ್ಕಿಲ್ಲ.

ಈ ಗಣಿತ ಹೊಸದೇನಲ್ಲ. ಬೆಲ್ಜಿಯಂ ದೇಶದ ಯೋನ್ ಡಾಮನ್ ಮತ್ತು ವಿನ್ಸೆಂಟ್ ರೈಮನ್ ರೂಪಿಸಿದ ವಿಧಾನವನ್ನು ಅಮೆರಿಕದ ಮಾನಕ ಸಂಸ್ಥೆ 2001ರಲ್ಲಿ ಎಇಎಸ್ ಎಂಬ ಹೆಸರಿನಲ್ಲಿ ಅಂಗೀಕರಿಸಿದ್ದು, ವಿಂಡೋಸಿನ ‘ಬಿಟ್‌ಲಾಕರ್’ ತಂತ್ರಾಂಶವೂ ಅದನ್ನೇ ಬಳಸುತ್ತದೆ. ಇದರ ಕೀಲಿ ಸಾಮಾನ್ಯವಾಗಿ 128 ಬಿಟ್‌ಗಳ, ಅಂದರೆ ಸೊನ್ನೆ ಅಥವಾ ಒಂದರ 128 ಮನೆಗಳ, ಒಂದು ಸಂಖ್ಯೆ. ಹಾಗೆ ಸಾಧ್ಯವಿರುವ ಕೀಲಿಗಳ ಮೊತ್ತವನ್ನು ಬರೆಯಬೇಕಾದರೆ 34ರ ಮುಂದೆ ಸುಮಾರು 37 ಸೊನ್ನೆಗಳನ್ನು ಇಡಬೇಕಾಗುತ್ತದೆಯಾದ್ದರಿಂದ, ಒಂದೊಂದಾಗಿ ಹಾಕಿ ನೋಡುವ ಮಾತೇ ಇಲ್ಲ. ಬಿಟ್‌ಲಾಕರ್ 2007ರ ವಿಂಡೋಸ್ ವಿಸ್ಟಾ ಕಾಲದಿಂದಲೂ ಇತ್ತು. ಆದರೆ ದುಬಾರಿ ಆವೃತ್ತಿಗಳನ್ನು ಕೊಂಡವರು ತಾವೇ ಹುಡುಕಿ ಚಾಲೂ ಮಾಡಿಕೊಳ್ಳಬೇಕಿತ್ತು. 2013ರ ವಿಂಡೋಸ್ 8.1ರಿಂದ ಕೆಲವು ವಿಶೇಷ ಯಂತ್ರಾಂಶವಿದ್ದ ಲ್ಯಾಪ್‌ಟಾಪುಗಳಲ್ಲಿ ಅದು ತಾನಾಗಿ ಬರತೊಡಗಿತು. 24ಎಚ್2 ಆವೃತ್ತಿ ಆ ವಿಶೇಷ ಷರತ್ತುಗಳಲ್ಲಿ ಕೆಲವನ್ನು ತೆಗೆದುಹಾಕಿದ್ದರಿಂದ, ಮನೆಬಳಕೆಯ ಅಗ್ಗದ ಯಂತ್ರಗಳೂ ಈಗ ಅದರ ವ್ಯಾಪ್ತಿಗೆ ಬಂದಿವೆ.

ಮೊಬೈಲಿನಲ್ಲಿ ಇದೇ ಬದಲಾವಣೆ ಸದ್ದಿಲ್ಲದೆ ಮುಗಿದುಹೋಯಿತು. ಆ್ಯಪಲ್ ಮತ್ತು ಗೂಗಲ್ 2014ರಲ್ಲೇ ಆ ದಿಕ್ಕಿಗೆ ಹೊರಟಿದ್ದವು. ಅಗ್ಗದ ಫೋನುಗಳ ಪ್ರೊಸೆಸರಿಗೆ ಎಇಎಸ್ ಭಾರವಾಗುತ್ತಿತ್ತೆಂದು ಅವುಗಳಿಗೆ ಕೊಟ್ಟಿದ್ದ ವಿನಾಯಿತಿಯನ್ನು ಗೂಗಲ್ 2019ರಲ್ಲಿ, ‘ಅಡಿಯಾಂಟಮ್’ ಎಂಬ ಹಗುರ ವಿಧಾನವನ್ನು ಸಿದ್ಧಪಡಿಸಿಕೊಂಡು, ಆಂಡ್ರಾಯ್ಡ್ 10ರೊಂದಿಗೆ ಕೊನೆಗೊಳಿಸಿತು. ಅಂದಿನಿಂದ ಸಂತೆಯಲ್ಲಿ ನಿಂತು ಫೋನ್‌ಪೇ ಮಾಡುವ ಎಳನೀರು ವ್ಯಾಪಾರಿಯ ಜೇಬಿನಲ್ಲೂ ಗೂಢಲಿಪಿಯ ಡಿಸ್ಕೊಂದು ಇದೆ. ಫೋನನ್ನು ಬಿಚ್ಚಿ ಬಿಡಿಭಾಗ ಬದಲಿಸಿ ಹತ್ತು ವರ್ಷ ಓಡಿಸುವ ಅಭ್ಯಾಸ ಯಾರಿಗೂ ಇಲ್ಲವಾದ್ದರಿಂದ ಅಲ್ಲಿ ತಕರಾರು ಕಡಿಮೆ. ಕಂಪ್ಯೂಟರಿನ ಬಾಳು ಹಾಗಲ್ಲ. ಅದು ರಿಪೇರಿಯ ಮೇಲೆ ಬದುಕುವ ವಸ್ತು.

ತೊಡಕು ಹುಟ್ಟುವುದು ಇಲ್ಲಿಯೇ. ಡಿಸ್ಕಿನ ಕೀಲಿಯನ್ನು ಕಾಯುವ ಕೆಲಸ ಯಂತ್ರದೊಳಗಿನ ಟಿಪಿಎಂ ಎಂಬ ಪುಟ್ಟ ಭದ್ರತಾ ಚಿಪ್ಪಿನದು. ಯಂತ್ರ ಪ್ರತಿದಿನ ಏಳುವಾಗ ತನ್ನ ಆರಂಭದ ತಂತ್ರಾಂಶ ನಿನ್ನೆಯಂತೆಯೇ ಇದೆಯೇ ಎಂಬುದನ್ನು ಇದು ತಾಳೆ ನೋಡಿ, ಸರಿಯಿದ್ದರೆ ಯಾರನ್ನೂ ಕೇಳದೆ ಬೀಗ ತೆಗೆಯುತ್ತದೆ. ಮದರ್‌ಬೋರ್ಡ್ ಬದಲಾದರೆ, ಬಯೋಸ್ ಎಂಬ ಮೂಲ ತಂತ್ರಾಂಶದ ಆಯ್ಕೆಗಳನ್ನು ಯಾರಾದರೂ ತಿದ್ದಿದರೆ, ಕೆಲವೊಮ್ಮೆ ಅಪ್‌ಡೇಟ್ ಒಂದರ ದೋಷದಿಂದಲೂ, ಲೆಕ್ಕ ತಪ್ಪಿ ನೀಲಿ ಪರದೆ ಬಂದು ನಿಲ್ಲುತ್ತದೆ. 48 ಅಂಕಿಗಳ ‘ರಿಕವರಿ ಕೀ’, ಎಂದರೆ ಬದಲಿ ಬೀಗದಕೈ, ಕೊಡುವಂತೆ ಕೇಳುತ್ತದೆ. 2024ರ ಜುಲೈ 19ರಂದು ಕ್ರೌಡ್‌ಸ್ಟ್ರೈಕ್ ಸಂಸ್ಥೆಯ ದೋಷಪೂರಿತ ಅಪ್‌ಡೇಟಿನಿಂದ, ಮೈಕ್ರೋಸಾಫ್ಟ್ ಅಂದಾಜಿನಂತೆ, ಜಗತ್ತಿನಾದ್ಯಂತ 85 ಲಕ್ಷ ಕಂಪ್ಯೂಟರುಗಳು ಕೂತುಬಿಟ್ಟು, ಬೆಂಗಳೂರಿನ ಕೆಂಪೇಗೌಡ ವಿಮಾನ ನಿಲ್ದಾಣದಲ್ಲೂ ವಿಮಾನ ಸಂಸ್ಥೆಗಳು ಪ್ರಯಾಣಿಕರ ಕೆಲಸವನ್ನು ಕೈಬರಹಕ್ಕೆ ಇಳಿಸಬೇಕಾಗಿ ಬಂದಾಗ, ಒಂದು ಕಡತವನ್ನು ಅಳಿಸಿದರೆ ಮುಗಿಯುತ್ತಿದ್ದ ರಿಪೇರಿ ಅನೇಕ ಕಡೆ ದಿನಗಟ್ಟಲೆ ಎಳೆದದ್ದಕ್ಕೆ ಈ 48 ಅಂಕಿಗಳನ್ನು ಯಂತ್ರಯಂತ್ರಕ್ಕೂ ಹುಡುಕಿ ತುಂಬಬೇಕಾಗಿದ್ದುದೂ ಒಂದು ಕಾರಣ.

ಆ ಅಂಕಿಗಳ ರಚನೆಯಲ್ಲೊಂದು ಜಾಣತನವಿದೆ. ಅವು ಆರಾರರ ಎಂಟು ಗುಂಪುಗಳಾಗಿ ಬರುತ್ತವೆ. ಪ್ರತಿಯೊಂದು ಗುಂಪೂ 11ರಿಂದ ನಿಶ್ಶೇಷವಾಗಿ ಭಾಗವಾಗುವ ಸಂಖ್ಯೆ. ಉದಾಹರಣೆಗೆ 123453 ಎಂಬ ಗುಂಪನ್ನು 11ರಿಂದ ಭಾಗಿಸಿದರೆ 11223 ಬರುತ್ತದೆ. ಕೊನೆಯ 3ನ್ನು ಕಣ್ತಪ್ಪಿ 8 ಎಂದು ಓದಿಕೊಂಡರೆ ಶೇಷ ಉಳಿಯುವುದರಿಂದ, ಯಾವ ಗುಂಪಿನಲ್ಲಿ ತಪ್ಪಾಗಿದೆಯೆಂದು ಯಂತ್ರ ಅಲ್ಲೇ ತಿಳಿಸಬಲ್ಲದು. ಪಕ್ಕಪಕ್ಕದ ಎರಡು ಅಂಕಿಗಳು ಅದಲುಬದಲಾದರೂ ಹಾಗೆಯೇ ಸಿಕ್ಕಿಬೀಳುತ್ತದೆ. ಫೋನಿನಲ್ಲಿ ಒಬ್ಬರು ಓದಿ ಹೇಳಿ ಇನ್ನೊಬ್ಬರು ಕುಟ್ಟುವ ಸನ್ನಿವೇಶವನ್ನು ಮೊದಲೇ ಊಹಿಸಿ ಮಾಡಿದ ಏರ್ಪಾಡು ಇದು. ಭಾಗಲಬ್ಧವಾಗಿ ಸಿಗುವ ಎಂಟು ಸಂಖ್ಯೆಗಳು ತಲಾ 16 ಬಿಟ್‌ಗಳನ್ನು ಹೊತ್ತಿದ್ದು, ಒಟ್ಟು ಸೇರಿ ಅದೇ 128 ಆಗುತ್ತವೆ.

ಇಷ್ಟು ಜಾಣತನದಿಂದ ಮಾಡಿದ ಬೀಗದಕೈಯನ್ನು ಇಡುವ ಜಾಗದ ವಿಷಯದಲ್ಲಿ ಮಾತ್ರ ಅಷ್ಟು ಯೋಚನೆ ನಡೆದಂತೆ ಕಾಣುವುದಿಲ್ಲ. ಬೀಗ ಬೀಳುವಾಗ ಯಂತ್ರಕ್ಕೆ ಯಾರ ಖಾತೆ ಜೋಡಣೆಯಾಗಿದೆಯೋ ಆ ಖಾತೆಗೆ ರಿಕವರಿ ಕೀ ಹೋಗಿ ಸೇರುತ್ತದೆ. ಒಂದು ಯಂತ್ರಕ್ಕೆ ಒಬ್ಬನೇ ಮಾಲೀಕ, ಅವನಿಗೊಂದು ಇಮೇಲ್, ಅದರ ಪಾಸ್‌ವರ್ಡ್ ಅವನಿಗೆ ಗೊತ್ತು ಎಂಬ ಕಲ್ಪನೆ ಇದರ ಹಿಂದಿದೆ. ಗ್ರಾಮಾಂತರದ ವಾಸ್ತವ ಬೇರೆ. ಲ್ಯಾಪ್‌ಟಾಪ್ ಕೊಂಡ ದಿನ ಅಂಗಡಿಯ ಹುಡುಗನೇ ತನಗೆ ತೋಚಿದ ಹೆಸರಿನಲ್ಲಿ ಖಾತೆ ತೆರೆದು ‘ರೆಡಿ ಮಾಡಿ’ ಕೊಡುವುದುಂಟು. ಬೆಂಗಳೂರಿನಲ್ಲಿರುವ ಮಗ ತನ್ನ ಖಾತೆಯನ್ನೇ ಹಾಕಿ ಅಪ್ಪನಿಗೆ ಕೊಟ್ಟುಹೋಗುವುದುಂಟು. ವಿದ್ಯಾರ್ಥಿ ಕಾಲೇಜು ಕೊಟ್ಟ ಇಮೇಲನ್ನು ಜೋಡಿಸಿದ್ದು, ಪದವಿ ಮುಗಿದ ಮೇಲೆ ಆ ಖಾತೆಯೇ ಮುಚ್ಚಿಹೋಗುವುದುಂಟು. ಸಂಘದ ಯಂತ್ರಕ್ಕೆ ಹಿಂದಿನ ಕಾರ್ಯದರ್ಶಿಯ ಖಾತೆ ಉಳಿದುಕೊಂಡಿರುವುದುಂಟು. ಬಾಗಿಲುವಾಡದ ಮೇಲೆ ಬೀಗದಕೈ ಇಟ್ಟುಹೋಗುವ ಊರಿನಲ್ಲಿ ಮನೆಯವರಿಗಾದರೂ ಅದು ಎಲ್ಲಿದೆಯೆಂದು ಗೊತ್ತಿರುತ್ತದೆ. ಇಲ್ಲಿ ಬೀಗ ಬಿದ್ದದ್ದೇ ಮನೆಯವರಿಗೆ ಗೊತ್ತಿರುವುದಿಲ್ಲ. ಕಳೆದುಹೋದ ರಿಕವರಿ ಕೀಯನ್ನು ಮತ್ತೆ ಸೃಷ್ಟಿಸಿಕೊಡುವುದು ಮೈಕ್ರೋಸಾಫ್ಟಿಗೂ ಸಾಧ್ಯವಿಲ್ಲ. ಖಾತೆಯನ್ನೇ ಜೋಡಿಸದೆ ಯಂತ್ರ ನಡೆಸುವವರ ಸ್ಥಿತಿ ಇನ್ನೂ ವಿಚಿತ್ರ: ಡಿಸ್ಕ್ ಗೂಢಲಿಪಿಗೆ ತಿರುಗಿದ್ದರೂ ಅದರ ಕೀಲಿ ಅದೇ ಡಿಸ್ಕಿನ ಮೇಲೆ ಬಹಿರಂಗವಾಗಿ ಕುಳಿತಿರುತ್ತದೆ, ಬೀಗ ಹಾಕಿ ಬೀಗದಕೈಯನ್ನು ಚಿಲಕಕ್ಕೇ ನೇತುಹಾಕಿದಂತೆ. ಎಂದೋ ಒಮ್ಮೆ ಯಾವುದೋ ಖಾತೆಯಿಂದ ಒಳಹೊಕ್ಕಾಗ ಆ ಕೀಲಿ ಮಾಯವಾಗಿ, ಬೀಗ ನಿಜವಾಗುತ್ತದೆ.

ಬೀಗದಕೈಯನ್ನು ಕಾನೂನು ಯಾವಾಗ ಕೇಳಬಹುದು ಎಂಬುದರಲ್ಲಿ ಕರ್ನಾಟಕದ ಹೆಸರು ಎರಡು ಬಾರಿ ಬರುತ್ತದೆ. ಖಾಸಗಿತನ ಮೂಲಭೂತ ಹಕ್ಕೆಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ 2017ರ ಆಗಸ್ಟ್ 24ರಂದು ಒಮ್ಮತದಿಂದ ಸಾರಿದ ಮೊಕದ್ದಮೆಯ ಅರ್ಜಿದಾರರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ಆರೋಪಿಯ ಮೊಬೈಲ್ ಮತ್ತು ಇಮೇಲ್ ಪಾಸ್‌ವರ್ಡಿನ ಪ್ರಶ್ನೆ 2021ರ ಮಾರ್ಚ್ 12ರಂದು ಇದೇ ಹೈಕೋರ್ಟಿನಲ್ಲಿ ತೀರ್ಮಾನವಾಯಿತು. ಪಾಸ್‌ವರ್ಡ್ ಕೊಡುವುದು ತನ್ನ ವಿರುದ್ಧ ತಾನೇ ಸಾಕ್ಷಿ ಹೇಳಿದಂತಾಗುವುದಿಲ್ಲವೆಂದೂ, ಆದರೆ ತನಿಖಾಧಿಕಾರಿ ಸ್ವಂತ ಅಧಿಕಾರದಿಂದ ಬಲವಂತ ಮಾಡಲಾಗದೆಂದೂ, ಯಂತ್ರಗಳ ಶೋಧಕ್ಕೆ ಹೋಗುವಾಗ ಅರ್ಹ ವಿಧಿವಿಜ್ಞಾನ ತಜ್ಞರು ಜೊತೆಗಿರಬೇಕೆಂದೂ ನ್ಯಾಯಮೂರ್ತಿ ಸೂರಜ್ ಗೋವಿಂದರಾಜ್ ಅವರ ತೀರ್ಪು ಹೇಳಿತು. ಮಾಹಿತಿ ತಂತ್ರಜ್ಞಾನ ಕಾಯ್ದೆಯ 69ನೇ ಕಲಂ ಪ್ರಕಾರ ಸರ್ಕಾರದ ಅಧಿಕೃತ ಆದೇಶವಿದ್ದೂ ಗೂಢಲಿಪಿ ಬಿಡಿಸಲು ಸಹಕರಿಸದವರಿಗೆ ಏಳು ವರ್ಷಗಳವರೆಗೆ ಸೆರೆವಾಸವಾಗಬಹುದು. ಗೂಢಲಿಪಿಯಲ್ಲಿ ನಡೆಸಿದ ವ್ಯವಹಾರದ ಬಯಲು ಪ್ರತಿಯನ್ನು 90 ದಿನ ಜನರೇ ಕಾದಿಡಬೇಕೆಂಬ ಕರಡು ನೀತಿಯೊಂದನ್ನು 2015ರ ಸೆಪ್ಟೆಂಬರ್‌ನಲ್ಲಿ ಹೊರಡಿಸಿದ ಕೇಂದ್ರ ಸರ್ಕಾರ, ಗದ್ದಲವೆದ್ದು ಕೆಲವೇ ದಿನಗಳಲ್ಲಿ ಹಿಂದಕ್ಕೆ ಪಡೆದದ್ದು ಈಗ ಬಹುಮಂದಿಗೆ ಮರೆತುಹೋಗಿದೆ.

ಬೀಗದಕೈ ಕಳೆದುಹೋಗುವ ತೊಡಕಿಗೆ ಬೀಗವನ್ನೇ ತೆಗೆಸಿಬಿಡುವುದು ಪರಿಹಾರವಲ್ಲ. ನೂರಾರು ಸದಸ್ಯರ ಬ್ಯಾಂಕ್ ಖಾತೆಯ ವಿವರವಿರುವ ಸಂಘದ ಯಂತ್ರಕ್ಕೆ ಅದು ಇರಲೇಬೇಕು. ಸೆಟ್ಟಿಂಗ್ಸ್‌ನೊಳಗಿನ ‘ಪ್ರೈವೆಸಿ ಆ್ಯಂಡ್ ಸೆಕ್ಯುರಿಟಿ’ ವಿಭಾಗದಲ್ಲಿ ‘ಡಿವೈಸ್ ಎನ್‌ಕ್ರಿಪ್ಷನ್’ ಎಂಬ ಸಾಲು ಆನ್ ಆಗಿದೆಯೇ ಎಂದು ನೋಡುವುದು ನಿಮಿಷದ ಕೆಲಸ. ಆನ್ ಆಗಿದ್ದರೆ ಯಂತ್ರ ಚೆನ್ನಾಗಿರುವಾಗಲೇ ಸಂಬಂಧಿಸಿದ ಖಾತೆಯಿಂದ 48 ಅಂಕಿಗಳನ್ನು ತೆಗೆದು, ಜೊತೆಗಿರುವ ಗುರುತಿನ ಸಂಖ್ಯೆಯ ಸಮೇತ ಕಾಗದದಲ್ಲಿ ಅಚ್ಚು ಹಾಕಿ, ಪಹಣಿ, ಪಾಸ್‌ಬುಕ್ ಇರುವ ಟ್ರಂಕಿನಲ್ಲೇ ಇಡಬಹುದು. ಲ್ಯಾಪ್‌ಟಾಪಿನ ಚೀಲದಲ್ಲಂತೂ ಇಡಬಾರದು. ಖಾತೆ ಬೇರೆಯವರದ್ದೆಂದು ತಿಳಿದುಬಂದರೆ, ರಿಪೇರಿಗೆ ಕೊಡುವ ಮೊದಲೇ ಅದನ್ನು ತಮ್ಮದಕ್ಕೆ ಬದಲಿಸಿಕೊಂಡು, ಎನ್‌ಕ್ರಿಪ್ಷನ್ನನ್ನು ಒಮ್ಮೆ ಆಫ್ ಮಾಡಿ ಮತ್ತೆ ಆನ್ ಮಾಡಿದರೆ ಹೊಸ ರಿಕವರಿ ಕೀ ತಯಾರಾಗಿ ತಮ್ಮ ಖಾತೆಗೇ ಬರುತ್ತದೆ.

ಹಳೆಯ ಯಂತ್ರ ಗುಜರಿಗೆ ಹೋಗುವ ದಿನ ಈ ಲೆಕ್ಕವೆಲ್ಲ ತಿರುವುಮುರುವಾಗುತ್ತದೆ. ಗೂಢಲಿಪಿಯಿಲ್ಲದ ಡಿಸ್ಕಿನಲ್ಲಿ ಅಳಿಸಿದ ಕಡತಗಳನ್ನೂ ಅನೇಕ ಸಲ ಕೆದಕಿ ತೆಗೆಯಬಹುದಾಗಿದ್ದು, ಸಂಘದ ಹತ್ತು ವರ್ಷದ ಲೆಕ್ಕ ತೂಕದ ಮೇಲೆ ಮಾರಿಹೋದ ಡಬ್ಬದೊಳಗೆ ಹಾಗೆಯೇ ಊರೂರು ಸುತ್ತುತ್ತದೆ. ಬೀಗ ಬಿದ್ದ ಡಿಸ್ಕಿನಲ್ಲಾದರೆ ಯಂತ್ರವನ್ನು ರೀಸೆಟ್ ಮಾಡಿ ಕೀಲಿಯನ್ನು ಅಳಿಸಿದರೆ ಸಾಕು, ಅದರ ಮೇಲಿದ್ದ ಕ್ರಯಪತ್ರ, ಹಾಲಿನ ಬಟವಾಡೆ, ಮದುವೆಯ ಫೋಟೋ ಎಲ್ಲವೂ ಕ್ಷಣದಲ್ಲಿ ಯಾರೂ ಓದಲಾಗದ ಅಂಕಿಗಳಾಗಿ ಉಳಿಯುತ್ತವೆ.