ಅಟ್ಟದ ಸಾಮಾನು ಗುಜರಿಗೆ ಹೋಗುವ ಮೊದಲು



ಹಳೆಯ ಹಂಚಿನ ಮನೆ ಬಿಚ್ಚಿ ತಾರಸಿ ಮನೆ ಕಟ್ಟಿಸುವುದು ಪುತ್ತೂರು, ಸುಳ್ಯ, ಕಡಬ ತಾಲೂಕುಗಳ ಹಳ್ಳಿಗಳಲ್ಲಿ ಈಗ ಸಾಮಾನ್ಯವಾಗಿದೆ. ಮಾಡು ಇಳಿಸುವ ಮೊದಲು ಅಟ್ಟ ಖಾಲಿ ಮಾಡಬೇಕಷ್ಟೆ. ಅಲ್ಲಿಂದ ಬೆತ್ತದ ಬುಟ್ಟಿ, ಗೆರಸೆ, ಮರದ ಮರಿಗೆ, ಕಳಸೆ, ಸೇರು, ಚೆನ್ನೆಮಣೆ, ಮಸಿ ಹಿಡಿದ ತೂಗುದೀಪ, ತಾಮ್ರದ ಹಂಡೆ ಒಂದೊಂದಾಗಿ ಕೆಳಗಿಳಿಯುತ್ತವೆ. ಗುಜರಿಯವರ ವಾಹನ ಅಂಗಳಕ್ಕೆ ಬರುತ್ತದೆ. ಲೋಹದ್ದು ತಕ್ಕಡಿಗೆ, ಮರದ್ದು ಬಚ್ಚಲೊಲೆಗೆ, ಬಿದಿರಿನದು ಗೊಬ್ಬರದ ಗುಂಡಿಗೆ. ಅರ್ಧ ದಿನದಲ್ಲಿ ಕೆಲಸ ಮುಗಿಯುತ್ತದೆ.

ಗುಜರಿಯವರನ್ನು ದೂರಿ ಪ್ರಯೋಜನವಿಲ್ಲ. ಅವರ ವ್ಯಾಪಾರವೇ ತೂಕದ್ದು. ಆದರೆ ಕೈಕೆಲಸದ ಹಳೆಯ ಸಾಮಾನನ್ನು ಕೊಂಡು, ದುರಸ್ತಿ ಮಾಡಿ, ಮತ್ತೆ ಮಾರುವ ಸಣ್ಣ ಅಂಗಡಿಯ ಲೆಕ್ಕ ಬೇರೆ. ಈ ವಸ್ತು ಯಾವ ಕೆಲಸಕ್ಕೆ ಬರುತ್ತದೆ, ಯಾವ ತಿಂಗಳಲ್ಲಿ ಜನರಿಗೆ ಬೇಕಾಗುತ್ತದೆ ಎಂಬುದೇ ಅಲ್ಲಿ ಮುಖ್ಯ. ಆದುದರಿಂದ ಮಾರುವವರಿಗೂ ಅದು ತಿಳಿದಿರುವುದು ಅವಶ್ಯ. ತಿಳಿಯದೆ ಮಾರಿದರೆ ಹತ್ತು ತಲೆಮಾರಿನ ಕೈಕೆಲಸ ಒಂದು ಮಧ್ಯಾಹ್ನದಲ್ಲಿ ಲೋಹದ ಬೆಲೆಗೆ ಹೋಗುತ್ತದೆ.

ನಮ್ಮ ಸೀಮೆಯಲ್ಲಿ ಇಂಥ ಅಂಗಡಿಯ ವರ್ಷ ದೀಪಾವಳಿಗೆ ಆರಂಭವಾಗುತ್ತದೆನ್ನಬಹುದು. ಎಣ್ಣೆಸ್ನಾನಕ್ಕೆ ಹಂಡೆ ಬೆಳಗಿ ನೀರು ತುಂಬುವ ಹಬ್ಬ. ಹಂಡೆ, ಚೊಂಬು, ಹಣತೆಗಳನ್ನು ಆಗ ಜನ ನೆನೆಯುತ್ತಾರೆ. ಮಾರ್ಗಶಿರದಲ್ಲಿ ಕುಕ್ಕೆ ಸುಬ್ರಹ್ಮಣ್ಯದ ಚಂಪಾಷಷ್ಠಿ. ಅಲ್ಲಿನ ಬ್ರಹ್ಮರಥವನ್ನು ಮಲೆಕುಡಿಯರು ಬೆತ್ತದಿಂದಲೇ ಬಿಗಿದು ಕಟ್ಟುತ್ತಾರೆ. ತೇರು ಮುಗಿದ ಮೇಲೆ ಬೆತ್ತದ ತುಂಡನ್ನು ಭಕ್ತರು ಮನೆಗೆ ಒಯ್ದು ಇಟ್ಟುಕೊಳ್ಳುವುದುಂಟು. ಒಂದು ಕೆಲಸ ಮುಗಿಸಿದ ವಸ್ತುವಿಗೆ ಎರಡನೆಯ ಬಾಳು ಕೊಡುವುದು ನಮಗೆ ಹೊಸತಲ್ಲವೆಂಬುದಕ್ಕೆ ಇದೇ ಸಾಕ್ಷಿ. ಮುಂದೆ ಎಪ್ರಿಲ್ 10ಕ್ಕೆ ಪುತ್ತೂರು ಮಹಾಲಿಂಗೇಶ್ವರ ದೇವರ ಜಾತ್ರೆಗೆ ಕೊಡಿ ಏರುತ್ತದೆ, 17ಕ್ಕೆ ಬ್ರಹ್ಮರಥ. ನಡುವೆ ಬಿಸು ಬರುತ್ತದೆ. ಬೆಳಗ್ಗೆ ಎದ್ದೊಡನೆ ನೋಡಲು ಕಣಿ ಇಡಬೇಕು: ದೀಪ, ಕನ್ನಡಿ, ಅಕ್ಕಿ, ತೆಂಗಿನಕಾಯಿ, ತೋಟದ ಫಲ. ದೀಪಕ್ಕೂ ಹರಿವಾಣಕ್ಕೂ ಗಿರಾಕಿ ಬರುವುದು ಆ ವಾರದಲ್ಲಿಯೇ. ಮೇ 24ರ ಸುಮಾರಿಗೆ ಪತ್ತನಾಜೆಯೊಡನೆ ಜಾತ್ರೆ, ಕೋಲ, ಆಟ ಎಲ್ಲವೂ ನಿಲ್ಲುತ್ತವೆ. ಅಲ್ಲಿಂದ ಮಳೆಗಾಲದ ಉದ್ದಕ್ಕೂ ಮಾರಾಟ ಇಳಿಮುಖ. ಅದು ದುರಸ್ತಿಯ ಕಾಲ.

ಮಳೆಯ ನಡುವೆ ಬರುವ ಆಟಿಗೆ ಮಾತ್ರ ತನ್ನದೇ ಒಂದು ವಸ್ತು ಇದೆ, ಚೆನ್ನೆಮಣೆ. ಎರಡು ಸಾಲಿನಲ್ಲಿ ಏಳೇಳರಂತೆ 14 ಗುಳಿ. ಗುಳಿಗೆ ನಾಲ್ಕರಂತೆ 56 ಕಾಯಿ. ಹೊರಗೆ ಕಾಲಿಡಲಾಗದ ಜಡಿಮಳೆಯಲ್ಲಿ ಹೆಂಗಸರೂ ಮಕ್ಕಳೂ ಚಾವಡಿಯಲ್ಲಿ ಕುಳಿತು ಆಡುತ್ತಿದ್ದರು. ಒಡಹುಟ್ಟಿದವರು ಎದುರುಬದುರಾಗಿ ಆಡಬಾರದು, ಆಟಿ ಕಳೆದ ಮೇಲೆ ಮಣೆಯನ್ನು ಕೆಳಗೆ ಇಟ್ಟುಕೊಳ್ಳಬಾರದು ಎಂಬ ನಂಬಿಕೆ ಹಲವು ಮನೆಗಳಲ್ಲಿ ಇಂದಿಗೂ ಇದೆ. ಹನ್ನೊಂದು ತಿಂಗಳು ಅಟ್ಟದಲ್ಲೇ ಬಿದ್ದಿರುವ ವಸ್ತು ಎಳೆಯರಿಗೆ ಕೆಲಸಕ್ಕೆ ಬಾರದ ಮರದ ತುಂಡಾಗಿ ಕಾಣುವುದು ಸಹಜ. ಅದು ಅಟ್ಟದಲ್ಲಿರುವುದೇ ಪದ್ಧತಿ ಎಂದು ಅಜ್ಜಿ ಹೇಳದಿದ್ದರೆ ಅವರಿಗೆ ಹೇಗೆ ತಿಳಿಯಬೇಕು?

ಕಳಸೆಯ ಕತೆ ಇನ್ನೂ ದೊಡ್ಡದು. 14 ಸೇರಿಗೆ ಒಂದು ಕಳಸೆ, ಮೂರು ಕಳಸೆಗೆ ಒಂದು ಮುಡಿ, ಎಂದರೆ 42 ಸೇರು. ಗೇಣಿಯ ಲೆಕ್ಕವೆಲ್ಲ ಮುಡಿಯಲ್ಲಿ. 1956ರ ತೂಕ ಮತ್ತು ಅಳತೆಗಳ ಕಾನೂನು ಬಂದು ಪೇಟೆಯಲ್ಲಿ ಕಿಲೋ ನೆಲೆನಿಂತಿತು. 1974ರ ಭೂಸುಧಾರಣೆಯ ತಿದ್ದುಪಡಿಯಿಂದ ಗೇಣಿ ಪದ್ಧತಿಯೇ ಕೊನೆಗೊಂಡಿತು. ಬಳಿಕ ಗದ್ದೆಗಳು ತೋಟವಾದವು. ಹೀಗೆ ಕಳಸೆಗೆ ಮೂರು ಸಲ ಕೆಲಸ ತಪ್ಪಿತು. ಅಳೆದು ಕೊಟ್ಟವರ ಮನೆಯಲ್ಲೂ ಅಳೆಸಿಕೊಂಡವರ ಮನೆಯಲ್ಲೂ ಕಳಸೆ ಇದೆ. ಅದನ್ನು ನೋಡುವಾಗ ಬರುವ ನೆನಪು ಮಾತ್ರ ಒಂದೇ ಅಲ್ಲ. ಆದರೂ ಹೊಸ ತೆನೆ ಕಟ್ಟುವ ದಿನ ಮನೆಯ ಕಂಬ, ನೇಗಿಲುಗಳಂತೆಯೇ ಕಳಸೆ-ಸೇರುಗಳಿಗೂ ತೆನೆ ಕಟ್ಟುವ ಮನೆಗಳಿವೆ. ಅಂಥ ಮನೆಯಲ್ಲಿ ಅದನ್ನು ಮಾರುವ ಮಾತು ಬೇಡ. ಕೊಳ್ಳುವವರೂ ಒಂದನ್ನು ಗಮನಿಸತಕ್ಕದ್ದು: ಹಳೆಯ ಸೇರಿನಿಂದ ಅಳೆದು ವ್ಯಾಪಾರ ಮಾಡಲು ಈಗ ಕಾನೂನಿನ ಅನುಮತಿಯಿಲ್ಲ.

ಇನ್ನು ಬಿದಿರು, ಬೆತ್ತ, ಬೀಳುಗಳ ಸಾಮಾನು. ಹಳೆಯ ಬುಟ್ಟಿಗಳು ಅಷ್ಟು ವರ್ಷ ಬಾಳಿದ್ದಕ್ಕೆ ಹೆಣಿಗೆ ಒಂದೇ ಕಾರಣವಲ್ಲ, ಹೊಗೆಯೂ ಕಾರಣ. ಒಲೆಯ ಮೇಲಿನ ಅಟ್ಟದಲ್ಲಿ ಹೊಗೆ ಹಿಡಿದ ಬಿದಿರಿಗೆ ಕುಟ್ಟೆ ಹುಳುವೂ ಬೂಷ್ಟೂ ಬೇಗ ತಗಲುವುದಿಲ್ಲ. ಈಗ ಅಡುಗೆಗೆ ಗ್ಯಾಸ್, ಹೊಗೆಯಿಲ್ಲ. ಹೆಂಗಸರ ಕಣ್ಣಿಗೂ ಎದೆಗೂ ಅದು ಒಳ್ಳೆಯದೇ ಆಯಿತು. ಆದರೆ ಬುಟ್ಟಿಯನ್ನು ಕಾಯುವ ಕೆಲಸ ಈಗ ನಮ್ಮ ಕೈಗೆ ಬಂದಿದೆ. ಆಟಿಯ ಬಿಸಿಲು ಕಂಡ ದಿನ ಹೊರಗಿಟ್ಟು ಒಣಗಿಸಿರಿ, ಗೋಡೆಗೆ ತಾಗದಂತೆ ತೂಗುಹಾಕಿರಿ, ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಡಬೇಡಿರಿ. ಗೆರಸೆಯ ಸಂದು ಬಿಟ್ಟಿದ್ದರೆ ನೆನೆಸಿದ ಕಾಗದವನ್ನೂ ಮೆಂತೆಯನ್ನೂ ಅರೆದು ಬಳಿದು ಒಣಗಿಸುವ ಹಳೆಯ ಕ್ರಮ ಈಗಲೂ ನಡೆಯುತ್ತದೆ. ಹೆಣಿಗೆ ಗಟ್ಟಿಯಾಗಿದ್ದು ಬಾಯಿಕಟ್ಟು ಮಾತ್ರ ಹೋಗಿದ್ದರೆ ಹೊಸ ಬೆತ್ತ ಸುತ್ತಿದರೆ ಸಾಕು. ಬುಡ ಕುಟ್ಟೆ ಹಿಡಿದು ಹುಡಿ ಉದುರುತ್ತಿದ್ದರೆ ಅದು ಗೊಬ್ಬರಕ್ಕೇ ಸರಿ.

ಈ ದುರಸ್ತಿಯನ್ನು ಬಲ್ಲವರು ಯಾರು? ಬುಟ್ಟಿ ಹೆಣೆಯುವುದರಲ್ಲಿ ನಮ್ಮ ಜಿಲ್ಲೆಯ ಕೊರಗ ಸಮುದಾಯದವರು ಹೆಸರಾದವರು. ಹಿಂದಿನ ಕಾಲದಲ್ಲಿ ಅವರ ಕೆಲಸಕ್ಕೆ ಸಿಗುತ್ತಿದ್ದುದು ಹೆಚ್ಚಾಗಿ ಧಾನ್ಯ, ಉಳಿದ ಅನ್ನ, ಅದರ ಜೊತೆಗೆ ಅವಮಾನ. ಅವರನ್ನು ಹೀನಾಯವಾಗಿ ಕಂಡ ಅಜಲು ಪದ್ಧತಿಯನ್ನು ರಾಜ್ಯವು 2000ದ ಕಾನೂನಿನಿಂದ ನಿಷೇಧಿಸಿದೆ. ಹಳೆಯ ಬುಟ್ಟಿಗೆ ಬೆಲೆ ಕಟ್ಟುವ ಅಂಗಡಿಯವರು ಅದನ್ನು ಸರಿಮಾಡಿದ ಕೈಗೂ ದಿನದ ಪೂರ್ತಿ ಕೂಲಿಯನ್ನು ನಗದಾಗಿ ಕೊಡಬೇಕು. ಅದಕ್ಕೆ ತಯಾರಿಲ್ಲದವರು ಈ ವ್ಯಾಪಾರಕ್ಕೆ ಇಳಿಯದಿರುವುದೇ ಮೇಲು.

ಲೋಹದ ಪಾತ್ರೆ ಕೊಡುವಾಗ ಕಂಚು ಯಾವುದು, ಹಿತ್ತಾಳೆ ಯಾವುದು ಎಂದು ನೋಡಿರಿ. ತಾಮ್ರಕ್ಕೆ ತವರ ಬೆರೆತರೆ ಕಂಚು, ಸತು ಬೆರೆತರೆ ಹಿತ್ತಾಳೆ. ತವರ ಸತುವಿಗಿಂತ ತುಟ್ಟಿ. ಆದುದರಿಂದ ಕಂಚಿಗೆ ಬೆಲೆ ಹೆಚ್ಚು. ಬೆರಳ ಗಂಟಿನಿಂದ ತಟ್ಟಿದರೆ ಕಂಚು ಗಂಟೆಯಂತೆ ಬಹಳ ಹೊತ್ತು ಗುಂಯ್ಗುಡುತ್ತದೆ. ಎತ್ತರದಿಂದ ಬಿದ್ದರೆ ಒಡೆಯುತ್ತದೆ, ಜಾಗ್ರತೆ. ಹಳೆಯ ತಾಮ್ರ, ಹಿತ್ತಾಳೆ ಪಾತ್ರೆಯನ್ನು ಅಡುಗೆಗೆ ಕೊಂಡವರು ಕಲಾಯಿ ಹಾಕಿಸದೆ ಹುಳಿ, ಮಜ್ಜಿಗೆ ಇಡಬಾರದು.

ಕೆಲವು ವಸ್ತುಗಳನ್ನು ಅಂಗಡಿಗೆ ತರಲೇಬಾರದು. ದೈವದ ಮೊಗ, ಆಯುಧ, ಗಗ್ಗರ, ಭಂಡಾರದ ಯಾವುದೇ ವಸ್ತು ತರವಾಡು ಮನೆಗೆ, ಎಂದರೆ ಇಡೀ ಕುಟುಂಬಕ್ಕೆ ಸೇರಿದ್ದು, ಮನೆಯಲ್ಲಿ ವಾಸವಿರುವವರೊಬ್ಬರದ್ದಲ್ಲ. ತಾಳೆಗರಿಯ ಕಟ್ಟು ಸಿಕ್ಕಿದರೆ ಒರೆಸುವುದು, ಎಣ್ಣೆ ಹಚ್ಚುವುದು ಮಾಡದೆ ಬಲ್ಲವರಿಗೆ ತೋರಿಸಿರಿ. 1972ರ ಪ್ರಾಚ್ಯವಸ್ತು ಕಾಯಿದೆಯ ಪ್ರಕಾರ ನೂರು ವರ್ಷಕ್ಕೆ ಮೇಲ್ಪಟ್ಟ, ಚರಿತ್ರೆ ಅಥವಾ ಕಲೆಯ ದೃಷ್ಟಿಯಿಂದ ಮುಖ್ಯವಾದ ವಸ್ತುಗಳ ವ್ಯಾಪಾರಕ್ಕೆ ಪರವಾನಿಗೆ ಬೇಕು. ಹಸ್ತಪ್ರತಿಗಾದರೆ ಆ ಅವಧಿ 75 ವರ್ಷ. ಖಾಸಗಿಯವರು ಇಂಥವನ್ನು ಹೊರದೇಶಕ್ಕೆ ಕಳುಹಿಸುವಂತಿಲ್ಲ. ಮಾರುವ ಮನಸ್ಸಿಲ್ಲ, ಇಡಲು ಜಾಗವೂ ಇಲ್ಲ ಎನ್ನುವವರು ಬಂಟ್ವಾಳದ ರಾಣಿ ಅಬ್ಬಕ್ಕ ತುಳು ಅಧ್ಯಯನ ಕೇಂದ್ರವನ್ನು ಒಮ್ಮೆ ನೋಡಿ ಬರಬಹುದು. ಪ್ರೊ. ತುಕಾರಾಮ ಪೂಜಾರಿಯವರು ಅಲ್ಲಿ ತುಳುನಾಡಿನ ಮನೆಬಳಕೆಯ ವಸ್ತುಗಳನ್ನು ಕೂಡಿಟ್ಟಿದ್ದಾರೆ. ಧರ್ಮಸ್ಥಳದ ಮಂಜೂಷಾ ಸಂಗ್ರಹಾಲಯವೂ ದೂರವಿಲ್ಲ.

ಮಾರುವುದೆಂದು ನಿಶ್ಚಯಿಸಿದರೆ ಮೊದಲು ಮದುವೆಯಾಗಿ ಹೋದ ಅಕ್ಕತಂಗಿಯರಿಗೆ ಒಂದು ಮಾತು ಕೇಳಿರಿ. ಪಾಲುಪಟ್ಟಿಯಲ್ಲಿ ತೋಟ, ಗದ್ದೆ ಬರೆಯುತ್ತಾರೆಯೇ ಹೊರತು ತೂಗುದೀಪವನ್ನು ಬರೆಯುವುದಿಲ್ಲ. ಮನಸ್ತಾಪ ಹುಟ್ಟುವುದು ಹೆಚ್ಚಾಗಿ ಅಲ್ಲಿಯೇ. ಬಳಿಕ ಒಂದೊಂದು ವಸ್ತುವಿಗೂ ಒಂದು ಚೀಟಿ ಕಟ್ಟಿರಿ. ಮನೆಯಲ್ಲಿ ಅದನ್ನು ಕರೆಯುತ್ತಿದ್ದ ಹೆಸರು, ಊರು, ಯಾವ ತಿಂಗಳಲ್ಲಿ ಯಾತಕ್ಕೆ ಉಪಯೋಗಿಸುತ್ತಿದ್ದರು ಎಂದು ಬರೆದರೆ ಸಾಕು. ತುಳುವೋ ಅರೆಭಾಷೆಯೋ ಇದ್ದ ಹಾಗೆಯೇ ಇರಲಿ. ಮಸಿ ತೆಗೆಯುತ್ತೇವೆಂದು ದೀಪವನ್ನು ಮರಳಿನಿಂದ ತಿಕ್ಕಬೇಡಿರಿ, ಹುಣಸೆಹುಳಿ ಸಾಕು. ಚೆನ್ನೆಮಣೆ ಕೊಡುವಾಗ ಕಾಯಿಗಳನ್ನು ಎಣಿಸಿ ಬಟ್ಟೆಯಲ್ಲಿ ಗಂಟುಕಟ್ಟಿ ಅದರೊಡನೆಯೇ ಕೊಡಿರಿ.