ಪ್ರಕೃತಿಯ ಸಾನ್ನಿಧ್ಯದಲ್ಲಿ ಚಿತ್ತವಿಶ್ರಾಂತಿ

ಪರೀಕ್ಷೆಯ ದಿನಗಳು ಸಮೀಪಿಸಿದೊಡನೆ ನಮ್ಮ ತಾಯಿತಂದೆಗಳು ಮಕ್ಕಳನ್ನು ಮನೆಯಿಂದ ಹೊರಗೆ ಬಿಡಲೊಲ್ಲರು. ಪದವು ಸುತ್ತುವವನಿಗೆ ಪದವಿ ದೊರೆಯದೆಂದು ಹಾಸ್ಯ ಮಾಡುವವರೂ ಉಂಟು. ಈ ಮಾತಿನಲ್ಲಿ ಮಕ್ಕಳ ಮೇಲಣ ಕಾಳಜಿಯಿರುವುದು ನಿಜ. ಆದರೆ ಮನಸ್ಸಿನ ವ್ಯಾಪಾರವನ್ನು ಬಲ್ಲವರು ಇದನ್ನು ಒಪ್ಪಲಾರರು.

ಗಣಿತದ ಲೆಕ್ಕವನ್ನು ಬಿಡಿಸುವಾಗ ನಾವು ಮನಸ್ಸನ್ನು ಬಲವಂತದಿಂದ ಒಂದೆಡೆ ಹಿಡಿದು ನಿಲ್ಲಿಸುತ್ತೇವೆ. ಹೀಗೆ ಹಿಡಿಯುವ ಶಕ್ತಿಯು ಕೈಕಾಲುಗಳಂತೆಯೇ ದಣಿಯತಕ್ಕದ್ದು. ದಣಿದ ಮೇಲೆ ಅದೇ ಪುಟವನ್ನು ಹತ್ತು ಸಲ ಓದಿದರೂ ತಲೆಗೆ ಹತ್ತದು. ಕಾರಣವಿಲ್ಲದೆ ಸಿಟ್ಟೂ ಬರುವುದು. ಹರಿಯುವ ನೀರು, ತೂಗುವ ಎಲೆ, ಚಲಿಸುವ ಮೋಡ ಇವು ಮನಸ್ಸನ್ನು ತಾವಾಗಿಯೇ ಮೃದುವಾಗಿ ಸೆಳೆಯುತ್ತವೆ. ಆ ಹೊತ್ತಿನಲ್ಲಿ ದಣಿದ ಶಕ್ತಿಗೆ ವಿಶ್ರಾಂತಿ ದೊರೆಯುತ್ತದೆ. ಅಮೆರಿಕೆಯ ರೇಚಲ್ ಮತ್ತು ಸ್ಟೀಫನ್ ಕಪ್ಲನ್ ದಂಪತಿಗಳು 1989ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಈ ತತ್ತ್ವವನ್ನು ವಿವರಿಸಿದ್ದಾರೆ. ಅದಕ್ಕೂ ಮುನ್ನ, 1984ರಲ್ಲಿ, ರೋಜರ್ ಉಲ್ರಿಚ್ ಎಂಬವರು ಪಿತ್ತಕೋಶದ ಶಸ್ತ್ರಚಿಕಿತ್ಸೆಯಾದ 46 ಮಂದಿ ರೋಗಿಗಳ ದಾಖಲೆಗಳನ್ನು ಪರಿಶೀಲಿಸಿದ್ದರು. ಕಿಟಕಿಯಿಂದ ಮರಗಳು ಕಾಣುತ್ತಿದ್ದವರು, ಇಟ್ಟಿಗೆಯ ಗೋಡೆ ಮಾತ್ರ ಕಾಣುತ್ತಿದ್ದವರಿಗಿಂತ ಬೇಗನೆ ಮನೆಗೆ ಮರಳಿದ್ದರು. ತೀಕ್ಷ್ಣವಾದ ನೋವುನಿವಾರಕಗಳೂ ಅವರಿಗೆ ಕಡಿಮೆ ಸಾಕಾಗಿದ್ದವು. ಮೊಬೈಲೂ ಮನಸ್ಸನ್ನು ಸೆಳೆಯುವುದಿಲ್ಲವೆ ಎಂದು ಮಕ್ಕಳು ಕೇಳಬಹುದು. ಸೆಳೆಯುವುದೇನೋ ಹೌದು, ಆದರೆ ಅದು ಹಗ್ಗ ಹಾಕಿ ಎಳೆದಂತೆ.

ಈ ವಿಶ್ರಾಂತಿಗಾಗಿ ಕಾಸರಗೋಡಿನ ನಾವು ದೂರದ ಗಿರಿಧಾಮಗಳಿಗೆ ಹೋಗಬೇಕಾದುದಿಲ್ಲ. ಬೇಸಗೆಯಲ್ಲಿ ಬೋಳಾಗಿ ಸುಡುವ ನಮ್ಮ ಮುರಕಲ್ಲಿನ ಪದವುಗಳನ್ನು ಮಳೆಗಾಲದ ಕೊನೆಗೆ ನೋಡಬೇಕು. ಕಲ್ಲಿನ ತಗ್ಗುಗಳಲ್ಲಿ ತಿಳಿನೀರು ನಿಂತಿರುತ್ತದೆ. ಅದರ ಅಂಚಿನ ಹುಲ್ಲಿನ ನಡುವೆ ಬೆರಳುದ್ದದ ದಂಟುಗಳ ತುದಿಯಲ್ಲಿ ಪುಟ್ಟ ನೀಲಿ ಹೂಗಳು ಅರಳುತ್ತವೆ. ಮಲೆಯಾಳಿಗಳು ಇದನ್ನು ಕಾಕ್ಕಪ್ಪೂ ಎಂದು ಕರೆದು ಓಣಂ ಹಬ್ಬದ ಹೂರಂಗೋಲಿಗೆ ಬಳಸುತ್ತಾರೆ. ಇಷ್ಟು ಸೌಮ್ಯವಾದ ಈ ಗಿಡ ಮಾಂಸಾಹಾರಿಯೆಂದರೆ ನಂಬುವಿರಾ? ಒದ್ದೆ ಮಣ್ಣಿನಲ್ಲಿ ಅಡಗಿರುವ ಅದರ ಸಣ್ಣ ಸಣ್ಣ ಚೀಲಗಳು ಕಣ್ಣಿಗೆ ಕಾಣದಷ್ಟು ಕಿರಿದಾದ ಜೀವಿಗಳನ್ನು ನೀರಿನೊಡನೆ ಒಳಗೆಳೆದುಕೊಂಡು ಜೀರ್ಣಿಸುತ್ತವೆ. ಪದವಿನ ಮೇಲೆ ಬಿದ್ದ ಮಳೆಯು ಮುರಕಲ್ಲಿನೊಳಗೆ ಇಂಗಿ, ಕೆಳಗಿನ ಇಳಿಜಾರಿನಲ್ಲಿ ಹಿರಿಯರು ಕೈಯಿಂದ ಕೊರೆದ ಸುರಂಗಗಳಲ್ಲಿ ಒಸರಿ, ಅಡಿಕೆ ತೋಟಕ್ಕೆ ನೀರಾಗುತ್ತದೆ. ಕಟ್ಟಡಕ್ಕಾಗಿ ಕಲ್ಲು ಕಡಿದು ಬರಿದುಮಾಡಿದ ಕಡೆಗಳಲ್ಲಿ ಈ ಹೂವೂ ಇಲ್ಲ, ಆ ನೀರಿನ ಒಸರೂ ಕ್ಷೀಣಿಸುತ್ತದೆ ಎಂಬುದನ್ನು ವಿಷಾದದಿಂದಲೇ ಹೇಳಬೇಕಾಗಿದೆ.

ಇಲ್ಲಿಗೆ ಗುಂಪುಗೂಡಿ ಗದ್ದಲ ಮಾಡುತ್ತ ಹೋದರೆ ಪ್ರಯೋಜನ ಕಡಿಮೆ. ಒಬ್ಬಿಬ್ಬರು ಒಡನಾಡಿಗಳು ಸಾಕು. ಅರ್ಧ ಗಂಟೆ ಒಂದೆಡೆ ಕುಳಿತು, ಒಂದೇ ನೀರತಗ್ಗನ್ನು ನೋಡುತ್ತಿರಲಿ. ಮೊದಲ ಹತ್ತು ನಿಮಿಷ ಬೇಸರವೆನಿಸುವುದು, ಏಳಬಾರದು. ಮನಸ್ಸು ಪರೀಕ್ಷೆಯ ಕಡೆಗೆ ಓಡಿದರೆ ಗದರಿಸದೆ ಮತ್ತೆ ನೀರಿನ ಕಡೆಗೆ ತಂದರಾಯಿತು. ತುಲಾಮಾಸದಲ್ಲಿ ಮಧ್ಯಾಹ್ನದ ಬಳಿಕ ಸಿಡಿಲಿನ ಭಯವಿರುವುದರಿಂದ ಬೆಳಗಿನ ಹೊತ್ತೇ ಪ್ರಶಸ್ತ. ಕಲ್ಲುಕೋರೆಯ ಹೊಂಡಗಳಲ್ಲಿ ನಿಂತ ನೀರಿನ ಆಳ ಮೇಲಿನಿಂದ ತಿಳಿಯದು. ಅವುಗಳ ಬಳಿಗೆ ಮಕ್ಕಳು ಎಂದಿಗೂ ಹೋಗಕೂಡದು.